ಗಾಡಿಯ ಕೆಳಗಿನ ಬ್ಯಾಟರಿ ಪೆಟ್ಟಿಗೆ

ನಮ್ಮದು ಕುರಿ ಕಾಯುವ ಮನೆತನ. ಬೀಳಗಿ ಕಡೆಯಿಂದ ಹೊರಟರೆ ಹೊಳೆಯ ದಂಡೆ ಹಿಡಿದು ತುಬಚಿಯವರೆಗೂ ಹೊಲದಿಂದ ಹೊಲಕ್ಕೆ ಹೋಗುತ್ತೇವೆ. ಹಾಗೆ ತಿರುಗುತ್ತಿರುವಾಗಲೇ ನನ್ನ ಮುದುಕನಿಗೆ ದಮ್ಮು ಹತ್ತಿತು. ಜಮಖಂಡಿಯ ಡಾಕ್ಟರು ಔಷಧಿಯನ್ನು ಹಬೆ ಮಾಡಿ ಮೂಗಿಗೆ ಕೊಡುವ ಮಷಿನ್ ಬರೆದುಕೊಟ್ಟು, "ಅಜ್ಜಾ, ಇನ್ನ ಮನ್ಯಾಗ ಇರು" ಅಂದರು.

"ಕುರಿ ಎಲ್ಲಿ ಅದಾವೋ ಅಲ್ಲೇ ನಮ್ಮ ಮನಿ ಐತ್ರಿ ಸಾಹೇಬ್ರ," ಅಂದ ಮುದುಕ. ಹೇಳಿದರೆ ಕೇಳುವ ಜಾತಿಯಲ್ಲ ಅದು.

ಮಷಿನ್‌ಗೆ ಕರೆಂಟ್ ಬೇಕು, ಹೊಲದಲ್ಲಿ ಕರೆಂಟ್ ಎಲ್ಲಿಂದ ಬರಬೇಕು? ಮಗ ಸಾಮಾನು ಸಾಗಿಸುವ ಹಳೆಯ ಟೆಂಪೋ ಗಾಡಿಯೊಂದನ್ನು ತಂದು ಹಿಂದೆ ತಗಡಿನ ಕೋಣೆ ಕಟ್ಟಿಸಿದ. ಒಳಗೊಂದು ಮಂಚ, ಮೇಲೆ ಸೋಲಾರ್ ಪ್ಲೇಟು, ಮಂಚದ ಕೆಳಗೆ ದೊಡ್ಡ ಬ್ಯಾಟರಿ. ನಾವಿಬ್ಬರೂ ಅದರಲ್ಲೇ ಇರತೊಡಗಿದೆವು.

ಬಿಸಿಲೇರಿ ಬ್ಯಾಟರಿ ಚಾರ್ಜ್ ಆಗುವಾಗ ಕೋಣೆ ತುಂಬ ಹುಳಿ ವಾಸನೆ ಬರುತ್ತಿತ್ತು. ಮುದುಕನಿಗೆ ಕೆಮ್ಮು ಇಮ್ಮಡಿಯಾಯಿತು. ಉಸಿರಿಗೆಂದು ತಂದದ್ದೇ ಉಸಿರು ಕಟ್ಟಿಸುತ್ತಿತ್ತು.

"ತಗದ್ ಒಗೀತೇನಿ ಇದನ್ನ," ಅಂದೆ.

"ನನ್ನ ತಗದ್ ಒಗಿ. ಬ್ಯಾಟರಿ ಹೊಸಾದೈತಿ."

ಗಾಡಿಯನ್ನು ಮುಧೋಳದ ವೆಲ್ಡಿಂಗ್ ಅಂಗಡಿಗೆ ಹೊಡೆಸಿದೆ. ಅಲ್ಲಿಯವನು ಬಗ್ಗಿ ನೋಡಿ, "ಆಯೀ, ಇದನ್ನ ಹೊರಗ ಹಾಕೂಣು. ಪೆಟಗಿಗೆ ಮ್ಯಾಲ ತೂತ ಬೇಕ. ಇಲ್ಲಂದ್ರ ಗ್ಯಾಸ್ ತುಂಬಿ ಢಮ್ ಅಂತೈತಿ," ಅಂದ. ಗಾಡಿಯ ಕೆಳಗೆ ಕಬ್ಬಿಣದ ಪೆಟ್ಟಿಗೆ ಕೂರಿಸಿ, ತಳಕ್ಕೆ ರಬ್ಬರ್ ಹಾಸಿ, ಹೊರಗಿನಿಂದ ತೆಗೆಯಲು ಬಾಗಿಲು ಇಟ್ಟ. ಬ್ಯಾಟರಿ ಅಲುಗಾಡದಂತೆ ಪಟ್ಟಿ ಬಿಗಿದ. ವೈರ್ ಒಳಗೆ ಹೋಗುವ ತೂತಿಗೆ ಮೇಣ ತುಂಬಿದ. ಅಂದಿನಿಂದ ಕೋಣೆಯಲ್ಲಿ ವಾಸನೆ ಇಲ್ಲ.

ಆದರೆ ಹೊರಗೆ ಆಡುಗಳಿದ್ದವು. ಒಂದು ದಿನ ಮುದುಕ ಹಬೆ ಎಳೆಯುತ್ತಿದ್ದಾಗಲೇ ಮಷಿನ್ ನಿಂತಿತು. ಇಳಿದು ನೋಡಿದರೆ ಆಡು ವೈರ್ ಕಡಿದು ಮೆಲುಕು ಹಾಕುತ್ತಿತ್ತು. ಬೈಯುತ್ತಾ ತುದಿ ಸುಲಿದು, ಹೆಣೆದು, ಟೇಪ್ ಸುತ್ತಿದೆ. ಆಮೇಲೆ ಇಡೀ ವೈರನ್ನು ಪೈಪಿನೊಳಗೆ ಹಾಕಿಸಿದೆ.

"ಆಡು ಶಾಣ್ಯಾ ಐತಿ. ಎಲ್ಲಿ ಕಡದ್ರ ನಾ ಸಾಯ್ತೇನಿ ಅಂತ ಅದಕ್ಕ ಗೊತ್ತೈತಿ," ಅಂತ ನಕ್ಕ ಮುದುಕ.

"ಬಾಯಿ ಮುಚ್ಚಿ ಹಬಿ ಎಳೀರಿ."

"ಬಾಯಿ ಮುಚ್ಚಿ ಹ್ಯಾಂಗ ಎಳೀಬೇಕ ಲೇ?"

ನಾನು ಅಕ್ಷರ ಕೂಡಿಸಿ ಕೂಡಿಸಿ ಓದುವವಳು. ಬ್ಯಾಟರಿ ನೋಡಿಕೊಳ್ಳಲು ಅಷ್ಟು ಸಾಕು. ವೈರ್ ಕೂಡುವ ತುದಿಗೆ ಬಿಳಿ ಬೂಷ್ಟು ಕಟ್ಟಿದರೆ ಅಡುಗೆ ಸೋಡಾದ ನೀರಿನಿಂದ ತಿಕ್ಕಿ, ಒರೆಸಿ, ಗ್ರೀಸ್ ಹಚ್ಚಬೇಕು. ಬ್ಯಾಟರಿಯೊಳಗೆ ಹೊಳೆ ನೀರು ಹಾಕಬಾರದು, ಅಂಗಡಿಯ ಬ್ಯಾಟರಿ ನೀರೇ ಹಾಕಬೇಕು. ಕಬ್ಬಿನ ಗಾಡಿಗಳು ಎಬ್ಬಿಸಿದ ಧೂಳನ್ನು ಪೆಟ್ಟಿಗೆಯ ತೂತುಗಳಿಂದ ತೆಗೆಯಬೇಕು. ಆಸಿಡ್ ತಾಗಿ ನನ್ನ ಸೀರೆಗಳಿಗೆಲ್ಲ ತೂತು ಬಿದ್ದವು. ಒಂದು ಚಳಿಗಾಲ ಹೀಗೇ ದಾಟಿಸಿದೆ.

ಬೇಸಿಗೆಗೆ ಅನಗವಾಡಿಯಲ್ಲಿ ಜೋಳ ಕೊಯ್ದ ಹೊಲದಲ್ಲಿ ಇದ್ದೆವು. ಮಗ ಕುರಿ ಹೊಡೆದುಕೊಂಡು ಹೋಗಿದ್ದ. ಬೆಳಿಗ್ಗೆ ಮುದುಕ ತಾನೇ ಕೈ ಮಾಡಿ ಮಷಿನ್ ಕೇಳಿದ. ಔಷಧಿ ಹಾಕಿ, ಮಾಸ್ಕ್ ಕಟ್ಟಿ, ಚಾಲೂ ಮಾಡಿದೆ. ತಗಡಿಗೆ ಒರಗಿ ಕುಳಿತ. ಒಲೆ ಹೊತ್ತಿಸಿ ತಿರುಗಿದರೆ ಅವನ ಎದೆ ಆಡುತ್ತಿರಲಿಲ್ಲ.

ನಾನು ಅವನ ಹತ್ತಿರ ಹೋಗಲಿಲ್ಲ. ಕೆಳಗೆ ಓಡಿ ಪೆಟ್ಟಿಗೆಯ ಬಾಗಿಲು ತೆಗೆದೆ. ವೈರ್ ಬಿಗಿಯಾಗಿತ್ತು. ನೀರು ಗೆರೆಗೆ ಸರಿಯಾಗಿತ್ತು. ತುದಿಗಳನ್ನು ಕೈಯಿಂದ ಒತ್ತಿ ನೋಡಿದೆ. ಅಲ್ಲಿ ರಿಪೇರಿ ಮಾಡುವಂಥದ್ದು ಏನೂ ಇರಲಿಲ್ಲ.

ನನ್ನ ದನಿ ಕೇಳಿ ಆ ಹೊಲದವರ ಮನೆಯ ಹೆಣ್ಣುಮಗಳು ಓಡಿಬಂದಳು. ನಾನು ಕೂಗಿದ್ದೆನಂತೆ, ನನಗೆ ನೆನಪಿಲ್ಲ. ಒಳಗೆ ಮಷಿನ್ ಗುಂಯ್ ಅನ್ನುತ್ತಲೇ ಇತ್ತು. ಅವನ ಮೂಗಿನ ಮುಂದೆ ಹಬೆ ಬಂದು ಹಾಗೇ ಹೊರಗೆ ಹೋಗುತ್ತಿತ್ತು.

"ಆಯೀ, ಬಂದ್ ಮಾಡ್ರಿ ಅದನ್ನ. ಅವರು ಹೋಗ್ಯಾರ," ಅಂದಳು.

"ಇನ್ನೂ ಔಷಧಿ ಐತಿ," ಅಂದೆ. "ತೀರಲಿ ತಡಿ."