ನರಸಿಂಹಯ್ಯನ ಬ್ಯಾಡ್ಜು

ಮೊನ್ನೆ ಹೆಬ್ಬಾಳದ ಸ್ಕ್ಯಾನಿಂಗ್ ಸೆಂಟರಿನಲ್ಲಿ ಮಂಡಿಯ ಎಕ್ಸ್‌ರೇಗೆಂದು ಮಲಗಿದ್ದೆ. ವಿಕಿರಣ ಅಳೆಯುವ ಬ್ಯಾಡ್ಜು ಅಲ್ಲಿ ಕೆಲಸ ಮಾಡುವವರ ಎದೆಯ ಮೇಲಿರಬೇಕಾದದ್ದು. ಟೆಕ್ನಿಷಿಯನ್ ಅದನ್ನು ಗೋಡೆಯ ಮೊಳೆಗೆ ನೇತುಹಾಕಿದ್ದರು. "ಹಾಕ್ಕೊಳ್ಳಮ್ಮ" ಅಂದೆ. "ಚುಚ್ಚುತ್ತೆ ಅಂಕಲ್, ನೀವು ಅಲ್ಲಾಡಬೇಡಿ" ಅಂದರು. ಮಂಡಿನೋವು ಮರೆತು ಮೈಯೆಲ್ಲ ಉರಿಯಿತು.

ಉರಿಯದೆ ಇನ್ನೇನು ಹೇಳಿ? ಮೂವತ್ತು ವರ್ಷ ನಾನು ಅದೇ ಬ್ಯಾಡ್ಜಿನ ಅನ್ನ ತಿಂದವನು. ಹೊರರಾಜ್ಯದಲ್ಲಿ ಯುರೇನಿಯಂ ಅದಿರನ್ನು ಅರೆದು ಹಳದಿ ಪುಡಿಯಾಗಿಸುವ ಸರ್ಕಾರಿ ಕಾರ್ಖಾನೆಯೊಂದರ ಸುರಕ್ಷತಾ ವಿಭಾಗದ ಗುಮಾಸ್ತ. ಬ್ಯಾಡ್ಜು ಹಂಚುವುದು, ವಾಪಸ್ ಪಡೆಯುವುದು, ಅಳತೆ ಬಂದಮೇಲೆ ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕುವುದು. ಇಷ್ಟಕ್ಕೇ ನನ್ನನ್ನು ನಾನು ಅರ್ಧ ವಿಜ್ಞಾನಿ ಅಂದುಕೊಂಡಿದ್ದೆ.

ಪುಡಿಯನ್ನು ಡ್ರಮ್ಮಿಗೆ ತುಂಬುವ ಕಡೆ ನಮ್ಮ ಮಾಕಳಿಯ ನರಸಿಂಹಯ್ಯ ಇದ್ದ. ಆ ಊರಲ್ಲಿ ಕನ್ನಡ ಆಡಲು ನನಗಿದ್ದವನು ಅವನೊಬ್ಬನೇ. ಅವನ ಅಳತೆ ಸದಾ ಸೊನ್ನೆಯ ಆಸುಪಾಸು. ಒಂದು ದಿನ ನೋಡಿದರೆ ಅವನು ಡ್ರಮ್ಮಿನ ಹತ್ತಿರ, ಬ್ಯಾಡ್ಜು ಲಾಕರಿನಲ್ಲಿ, ಊಟದ ಡಬ್ಬಿಯ ಪಕ್ಕ! ರೇಗಿದೆ.

"ಅಳತೆ ಜಾಸ್ತಿ ಬಂದ್ರೆ ತೋಟದ ಕೆಲ್ಸಕ್ಕೆ ಆಕ್ತಾರೆ ಸಾರ್. ಉಲ್ಲು ಕೀಳಾಕೆ ಇಷ್ಟು ದೂರ ಬಂದ್ನಾ ನಾನು?"

ಮೇಲಧಿಕಾರಿಗೆ ಹೇಳಿದೆ. "ತಪಾಸಣೆ ತಂಡ ಬರ್ತಿದೆ, ಈಗ ಆ ವಿಷಯ ಎತ್ತಬೇಡಿ" ಅಂದರು. ತಂಡ ಬಂತು, ರಿಜಿಸ್ಟರ್ ತಿರುವಿತು, ಅಚ್ಚುಕಟ್ಟಾಗಿದೆ ಎಂದು ಹೊಗಳಿ ಹೋಯಿತು. ಆಮೇಲೂ ನಾನು ಎತ್ತಲಿಲ್ಲ. ಹೊಗಳಿಸಿಕೊಂಡವನ ಬಾಯಿ ನೋಡಿ, ಏಳಲಿಲ್ಲ.

ಈಗ, ನಿವೃತ್ತನಾಗಿ ಊರಿಗೆ ಮರಳಿದ ನರಸಿಂಹಯ್ಯನ ಕಿಡ್ನಿ ಕೈಕೊಟ್ಟಿದೆ. ಆ ಪುಡಿಯಿಂದಲೇ ಆಯಿತೇ? ಎಷ್ಟು ತಗುಲಿತ್ತೆಂದು ತಿಳಿಯದೆ ಡಾಕ್ಟರೂ ಹೇಳಲಾರರು. ಪರಿಹಾರಕ್ಕೆಂದು ಅವನು ಇಲಾಖೆಗೆ ಹಾಕಿದ ಅರ್ಜಿ ಆ ಮೇಜಿಂದ ಈ ಮೇಜಿಗೆ ಅಲೆದೂ ಅಲೆದೂ ಕೊನೆಗೆ ಒಂದೇ ಸಾಲಿನ ಉತ್ತರ ತಂದಿತು: ದಾಖಲೆಗಳ ಪ್ರಕಾರ ತಮಗೆ ತಗುಲಿದ ವಿಕಿರಣ ಮಿತಿಯೊಳಗಿದೆ. ಆ ದಾಖಲೆ ಬರೆದ ಕೈ ನನ್ನದು. ಇದನ್ನು ಕೇಳಿಯೂ ತಿಂಗಳುಗಟ್ಟಲೆ ಸಹಕಾರನಗರದ ಪಾರ್ಕಿನಲ್ಲಿ ವಾಕಿಂಗ್ ಮಾಡುತ್ತ, ಸರ್ಕಾರವನ್ನು ಬೈದುಕೊಂಡಿದ್ದೆ.

ಮೊನ್ನೆ ಮಾತ್ರ ಸೆಂಟರಿನಿಂದ ಮನೆಗೆ ಹೋಗದೆ ಸೀದಾ ಮಾಕಳಿಗೆ ಹೋದೆ. ನರಸಿಂಹಯ್ಯ ಡಯಾಲಿಸಿಸ್‌ಗೆ ಹೊರಟು ಜಗಲಿಯಲ್ಲಿ ಕೂತಿದ್ದ.

"ನೀನು ಬ್ಯಾಡ್ಜು ಹಾಕ್ತಿರಲಿಲ್ಲ, ಅದು ಗೊತ್ತಿದ್ದೂ ನಾನು ಸಹಿ ಹಾಕ್ದೆ ಅಂತ ಬರೆದುಕೊಡ್ತೀನಿ ಕಣಯ್ಯ" ಅಂದೆ.

"ನಿಮ್ ಪೆನ್ಷನ್‌ಗೆ ತೊಂದ್ರೆ ಆಗಲ್ವಾ ಸಾರ್?"

ಅವನು ಕೇಳಿದ ಮೊದಲ ಮಾತು ಅದು. ಒಂದು ಬೈಗುಳವಾದರೂ ಬಂದಿದ್ದರೆ ಹಗುರಾಗುತ್ತಿದ್ದೆ. ಹಾಳೆ ಕೇಳಿ, ಅಲ್ಲೇ ಜಗಲಿಯ ಮೇಲೆ ಬರೆದು ಮುಗಿಸಿದೆ.

"ಇದೂ ಆ ಮೇಜಿಂದ ಈ ಮೇಜಿಗೆ ಓಯ್ತದೆ ಬಿಡಿ" ಅಂದ, ಆಟೋ ಹತ್ತುತ್ತ.

ಹೋಗಲಿ. ಈ ಸಲ ಕಾಗದದ ಹಿಂದೆ ನಾನೂ ಹೋಗುತ್ತೇನೆ.