ತಿಂಗಳ ಸೂಜಿ

ನನಗೆ ನರ್ಸ್ ಕೆಲಸ ಸಿಕ್ಕಾಗ ಲಿಂಗಸುಗೂರಿನ ನಮ್ಮ ಓಣಿಗೆಲ್ಲ ಅವ್ವ ಸಕ್ಕರೆ ಹಂಚಿದಳು. ಮಾನಸಿಕ ರೋಗಿಗಳ ವಿಭಾಗಕ್ಕೆ ಹಾಕಿದ್ದಾರೆಂದು ತಿಳಿದ ಮೇಲೆ ಹಂಚಿದ್ದನ್ನು ವಾಪಸ್ ಕೇಳುವುದೊಂದು ಬಾಕಿ. "ಹುಚ್ಚರ ನರ್ಸ್ ಅಂದ್ರ ಯಾವ ಗಂಡು ನೋಡಾಕ ಬರ್ತಾನ ಬೇ?" ಎಂದು ತಲೆಮೇಲೆ ಕೈಹೊತ್ತು ಕುಳಿತಳು. ನನಗೆ ಗಂಡಿಗಿಂತ ಸಂಬಳ ಮುಖ್ಯವಾಗಿತ್ತು. ಸಿಂಧನೂರಿನ ಬಸ್ಸು ಹತ್ತಿದೆ.

ಎಂಬತ್ತರ ದಶಕದ ಕೊನೆಯ ಮಾತು. ಸಣ್ಣ ಆಸ್ಪತ್ರೆ. ಅಕ್ಕಿ ಗಿರಣಿಯ ಧೂಳು ಕಿಟಕಿಯಿಂದ ಬಂದು ಹಾಸಿಗೆಗಳ ಮೇಲೆ ಕೂರುತ್ತಿತ್ತು. ಒರೆಸುವುದೇ ನನ್ನ ಮೊದಲ ಕಲಿಕೆ. ತಲೆ ಡಾಕ್ಟರು ರಾಯಚೂರಿನಿಂದ ತಿಂಗಳಿಗೊಮ್ಮೆ ಬರುತ್ತಿದ್ದರು. ದಿನಾ ಗುಳಿಗೆ ನುಂಗದವರಿಗೆ ಒಂದು ಸೂಜಿ ಬರೆಯುತ್ತಿದ್ದರು. ಒಮ್ಮೆ ಹಾಕಿದರೆ ಅದರ ಔಷಧ ತಿಂಗಳವರೆಗೆ ಮೈಯಲ್ಲಿರುತ್ತದೆ. ಅದರ ಇಂಗ್ಲಿಷ್ ಹೆಸರು ಯಾರ ಬಾಯಲ್ಲೂ ಹೊರಳುತ್ತಿರಲಿಲ್ಲ. ಎಲ್ಲರೂ ತಿಂಗಳ ಸೂಜಿ ಎನ್ನುತ್ತಿದ್ದೆವು.

ದಢೇಸುಗೂರಿನ ಸೊಸೆಯೊಬ್ಬಳು ಆ ಸೂಜಿಗೆ ಬರುತ್ತಿದ್ದಳು. ಗದ್ದೆಯಲ್ಲಿ ಭತ್ತದ ನಾಟಿ ಹಚ್ಚುತ್ತಿದ್ದವಳು ಕಾಣದವರ ಜೊತೆ ಮಾತಾಡುತ್ತ ಕಾಲುವೆಗೆ ಇಳಿದಿದ್ದಳಂತೆ. ಮೊದಲ ಸಲ ಅವಳನ್ನು ಕೈ ಕಟ್ಟಿ ಕರೆತಂದಿದ್ದರು. ಸೂಜಿ ಶುರುವಾಗಿ ಕೆಲ ತಿಂಗಳಿಗೆ ತಾನೇ ತಲೆ ಬಾಚಿಕೊಂಡು ಅತ್ತೆಯ ಜೊತೆ ಬರತೊಡಗಿದಳು. ಅವಳನ್ನು ಕಂಡರೆ ನನಗೆ ಇಷ್ಟ, ರೋಗಿಗಳಲ್ಲಿ ಭೇದ ಮಾಡಬಾರದೆಂದು ಕಲಿತಿದ್ದರೂ.

ಒಂದು ಸಲ, ಡಾಕ್ಟರು ಬಂದ ದಿನ, ಅತ್ತೆ ಅವಳನ್ನು ಬೆಂಚಿನ ಮೇಲೆ ಕೂರಿಸಿ ತಾನು ಬಾಗಿಲಿಗೆ ಅಡ್ಡ ನಿಂತಳು.

"ಸೂಜಿ ಬ್ಯಾಡ, ಗುಳಿಗಿ ಕೊಡ್ರಿ. ತಿಂಗಳ ಸೂಜಿ ಅಂತ ನೀವಽ ಬಾಯಿಬಿಟ್ಟು ಹೇಳ್ತೀರಿ. ಇಕಿಗೆ ತಿಂಗಳದ್ದು ನಿಂತೈತಿ, ಬಸುರಿನೂ ಅಲ್ಲ. ಮಕ್ಕಳಾಗದ ಸೂಜಿ ಹಾಕೀರೇನ್ರಿ?"

ಸಂತಾನಹರಣ ಆಪರೇಷನ್ ಕ್ಯಾಂಪಿನ ಜೀಪು ಕಂಡರೆ ಹೆಂಗಸರು ಮನೆ ಸೇರುತ್ತಿದ್ದ ಕಾಲ. ಇಲ್ಲವೇ ಇಲ್ಲ ಎನ್ನಬೇಕೆಂದು ನಾನು ಬಾಯಿ ತೆರೆದೆ. ಡಾಕ್ಟರು ತಡೆದರು. ಇದು ಮಕ್ಕಳಾಗದ ಸೂಜಿಯಲ್ಲ. ಆದರೆ ಈ ಔಷಧದಿಂದ ಕೆಲವರಿಗೆ ಮುಟ್ಟು ನಿಲ್ಲುವುದು ನಿಜ, ಮುಂದೆ ಔಷಧ ಬದಲಿಸಬಹುದು, ಈಗಲೇ ಬಿಟ್ಟರೆ ಕಾಯಿಲೆ ಮರಳೀತು ಎಂದರು. ನಿಲ್ಲುವುದು ನಿಜ ಎಂಬುದಷ್ಟೇ ಅತ್ತೆಯ ಕಿವಿಗೆ ಬಿತ್ತು.

"ಹಂಗಾದ್ರ ಸೂಜಿ ಹಾಕಿಸ್ಕೊಂಡು ಮಸ್ಕಿಗೆ, ತವರಮನಿಗೆ ಹೋಗ್ಲಿ. ಮಗಗ ಇನ್ನೊಂದು ಹೆಣ್ಣು ನೋಡ್ತೀವಿ."

ಮೂವರೂ ಅವಳ ಬಗ್ಗೆಯೇ ಮಾತಾಡುತ್ತಿದ್ದೆವು. ಅವಳು ಬೆಂಚಿನ ಮೇಲೆ ಸೆರಗಿನ ಅಂಚು ಹಿಂಡುತ್ತ ಕೂತಿದ್ದಳು. ನನಗೆ ಸಿಟ್ಟು ಬಂತು, ಯಾರ ಮೇಲೆಂದು ಗೊತ್ತಾಗಲಿಲ್ಲ. "ನೀ ಏನಂತೀಯವಾ?" ಎಂದು ಅವಳನ್ನೇ ಕೇಳಿದೆ.

"ತಲಿ ಕೆಟ್ಟಾಕಿನ್ನ ಏನ್ ಕೇಳ್ತೀರಿ?" ಎಂದು ಅತ್ತೆ ನಕ್ಕಳು.

ಸೊಸೆ ನನ್ನ ಕಡೆ ನೋಡಲಿಲ್ಲ. ಅತ್ತೆಗೇ ಹೇಳಿದಳು: "ಕೂಸು ನನಗೂ ಬೇಕು, ಅತ್ತಿ. ಆದ್ರ ಅದು ಅತ್ತಾಗ ನನ್ನ ಕಿವ್ಯಾಗ ಅದರ ಅಳು ಒಂದಽ ಕೇಳಬೇಕು. ಬ್ಯಾರೆ ಯಾರ ದನಿನೂ ಬ್ಯಾಡ."

ಎದ್ದು ತಾನೇ ಪರದೆಯ ಹಿಂದೆ ಹೋದಳು. ನಾನು ಸಿರಿಂಜಿಗೆ ಔಷಧ ಎಳೆದುಕೊಂಡೆ. ಹೊರಗಿನಿಂದ ಅತ್ತೆ ಕೂಗಿದಳು:

"ಲಗೂ ಹಾಕ್ರಿ ಸಿಸ್ಟರ್. ನಮ್ಮೂರ ಬಸ್ ಹೊಂಡತೈತಿ, ಇಬ್ರಿಗೂ ಸೀಟ್ ಹಿಡೀಬೇಕು."

ಮಸ್ಕಿಯ ಬಸ್ಸೆನ್ನಲಿಲ್ಲ.