ಅಳಿಸುವ ಮುನ್ನ ಕಿವಿಗೊಡುವ ವೇಣಿ

ಪೀಣ್ಯ ಎರಡನೇ ಹಂತದ ಒಂದು ತಗಡಿನ ಶೆಡ್. ಹೊರಗೆ ಇನ್ನೂ ಮಬ್ಬು ಹರಿದಿಲ್ಲ. ಪಕ್ಕದ ಕಾರ್ಖಾನೆಯ ಪ್ರೆಸ್ ಸದ್ದು ಶುರು ಮಾಡಿಲ್ಲ. ಒಳಗೆ ಗೋಡೆಯುದ್ದಕ್ಕೂ ಹಳೆಯ ಕಂಪ್ಯೂಟರುಗಳು ಮುಚ್ಚಳ ಬಿಚ್ಚಿಕೊಂಡು ಕೂತಿವೆ. ಟ್ಯೂಬ್‌ಲೈಟ್ ಕೂಡ ಹಾಕದೆ, ಮಾನಿಟರಿನ ನೀಲಿ ಬೆಳಕಲ್ಲೇ ವೇಣಿ ಕೆಲಸಕ್ಕೆ ಕೂತಿದ್ದಾರೆ. ಪರದೆಯ ಮೇಲೆ ಪ್ರಶ್ನೆಯೊಂದು ನಿಂತಿದೆ: ಡಿಸ್ಕನ್ನು ಪೂರ್ತಿ ಅಳಿಸಿಬಿಡಲೇ, ಅಥವಾ ಭಾಗಗಳನ್ನು ನೀವೇ ಮಾಡಿಕೊಳ್ಳುತ್ತೀರಾ? ವೇಣಿ ಎರಡನೆಯದನ್ನೇ ಒತ್ತುತ್ತಾರೆ. ಯಾವತ್ತೂ ಅದನ್ನೇ.

ಆಫೀಸುಗಳು, ಬಾಗಿಲು ಮುಚ್ಚಿದ ಕಾರ್ಖಾನೆಗಳು ಹೊರಹಾಕಿದ ಕಂಪ್ಯೂಟರುಗಳಿಗೆ ಲಿನಕ್ಸ್ ಎಂಬ ಉಚಿತ ತಂತ್ರಾಂಶ ತುಂಬಿ ಸರ್ಕಾರಿ ಶಾಲೆಗಳಿಗೆ ಕಳಿಸುವ ಪುಟ್ಟ ಸಂಸ್ಥೆ ಇದು. ವೇಣಿಯೇ ಇಲ್ಲಿನ ತಂತ್ರಜ್ಞೆ. ದಿನಕ್ಕೆ ಹತ್ತು ಹನ್ನೆರಡು ಯಂತ್ರಗಳು ಅವರ ಕೈಯಲ್ಲಿ ಮತ್ತೆ ಉಸಿರಾಡುತ್ತವೆ. ಹಗಲಾದರೆ ಕರೆಂಟ್ ಹೇಳದೆ ಕೇಳದೆ ಹೋಗುತ್ತದೆ. ಡಿಸ್ಕಿನ ಭಾಗ ಮಾಡುವಾಗ ಹೋದರೆ ಕೆಲಸ ಕೆಟ್ಟಂತೆ. ಅದಕ್ಕೇ ನಸುಕಿನಲ್ಲಿ ಬರುವುದು.

“ಹಳೇ ಡಿಸ್ಕು ಸಾರ್, ಅಲ್ಲಲ್ಲಿ ಹಾಳಾಗಿರುತ್ತೆ. ಆ ಜಾಗ ಬಿಟ್ಟು ಭಾಗ ಮಾಡ್ಬೇಕು. ಒಂದು ಕಡೆ ಲಿನಕ್ಸು, ಇನ್ನೊಂದು ಕಡೆ ಮಕ್ಕಳು ಬರೆದಿದ್ದು, ಚಿತ್ರ ಬಿಡಿಸಿದ್ದು. ಆಮೇಲೆ ಲಿನಕ್ಸ್ ಕೆಟ್ಟೋದ್ರೂ ಮಕ್ಕಳದು ಹಂಗೇ ಉಳಿಯುತ್ತೆ” ಎಂದು, ಪಕ್ಕದಲ್ಲಿ ಕೂತು ಬರೆದುಕೊಳ್ಳುತ್ತಿರುವ ನನಗೆ ಹೇಳುತ್ತಾರೆ.

ವೇಣಿ ಜಾಲಹಳ್ಳಿಯ ಹುಡುಗಿ. ತಂದೆ ಸರ್ಕಾರಿ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಅವರು ಅವಧಿಗೆ ಮೊದಲೇ ನಿವೃತ್ತಿ ತೆಗೆದುಕೊಂಡ ವರ್ಷ ವೇಣಿಯ ಡಿಪ್ಲೊಮಾ ಮುಗಿದಿತ್ತು. ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ಕಂಪ್ಯೂಟರ್ ಜೋಡಿಸುವ ಕೆಲಸ ಹಿಡಿದರು. ಹೆಂಗಸಿನ ಕೈಗೆ ಯಂತ್ರ ಕೊಡಲು ಒಪ್ಪದೆ ಗಿರಾಕಿಗಳು ವಾಪಸು ಹೋದದ್ದೂ ಉಂಟು. ಮದುವೆಯಾಯಿತು, ಗಂಡ ತೀರಿಕೊಂಡರು, ಕತ್ತು ನೋವು ಬಂತು, ಯಂತ್ರಗಳ ಧೂಳಿಗೆ ಕೆಮ್ಮು ಅಂಟಿಕೊಂಡಿತು. ಇದನ್ನೆಲ್ಲ ಅವರು ಬಸ್ಸಿನ ನಂಬರು ಹೇಳಿದಷ್ಟೇ ಸಲೀಸಾಗಿ ಹೇಳಿ ಮುಗಿಸುತ್ತಾರೆ. ದನಿ ಇಳಿಯುವುದು ಆ ಒಂದು ಯಂತ್ರದ ಮಾತು ಬಂದಾಗ ಮಾತ್ರ.

ಎರಡು ವರ್ಷದ ಹಿಂದಿನ ಮಾತು. ಪೀಣ್ಯದಲ್ಲೇ ಮುಚ್ಚಿಹೋಗಿದ್ದ ಬಣ್ಣದ ಕಾರ್ಖಾನೆಯೊಂದರಿಂದ ಒಂದು ಕಂಪ್ಯೂಟರ್ ಬಂತು. ಒಳಗಿನ ಫ್ಯಾನಿಗೆ ಮಸಿ ಹತ್ತಿತ್ತು. ಡಿಸ್ಕ್ ತೆರೆದರೆ ಕೊನೆಯಲ್ಲಿ ಹೆಸರಿಲ್ಲದ ಸಣ್ಣ ಭಾಗವೊಂದು ಕಂಡಿತು. ಅಳಿಸುವ ಮುಂಚೆ ವೇಣಿ ಒಳಗೆ ನೋಡಿದರು. ಎಲ್ಲ ಧ್ವನಿಯ ಫೈಲುಗಳು. ಒಂದನ್ನು ಒತ್ತಿದರೆ ಖಾಲಿ ಶೆಡ್ಡಿನಲ್ಲಿ ಹೆಂಗಸೊಬ್ಬಳ ದನಿ: ಬೆಳಗಿನ ಪಾಳಿಯವರು ಒಳಗೆ ಬರಬೇಕು. ಇನ್ನೊಂದರಲ್ಲಿ ಊಟದ ಹೊತ್ತಾಯಿತು ಎಂಬ ಸೂಚನೆ. ಮತ್ತೊಂದರಲ್ಲಿ ಯಾರಿಗೋ ಗೇಟಿನ ಬಳಿ ಹೆಂಡತಿ ಬಂದು ಕಾಯುತ್ತಿದ್ದಾಳೆ ಎಂಬ ಸುದ್ದಿ. ಕಾರ್ಖಾನೆಯ ಮೈಕಿನಲ್ಲಿ ಹೇಳಿದ್ದೆಲ್ಲ ಇದರಲ್ಲಿ ದಾಖಲಾಗಿರಬೇಕು ಎಂದುಕೊಂಡರು.

ಯಂತ್ರಗಳನ್ನು ಸಾಗಿಸುವ ಗೂಡ್ಸ್ ಆಟೊದ ಶ್ಯಾಮಣ್ಣ ಅಷ್ಟರಲ್ಲಿ ಒಳಗೆ ಬಂದವರು, ಹೊಸ್ತಿಲ ಮೇಲೆಯೇ ಕೂತುಬಿಟ್ಟರು. ಮೊದಲು ಅವರು ಅದೇ ಕಾರ್ಖಾನೆಯಲ್ಲಿ ಲೋಡರ್ ಆಗಿದ್ದವರು. ಅದು ಸೀತಾಲಕ್ಷ್ಮಿಯ ದನಿ ಎಂದರು. ಹಾಜರಿ ಬರೆದುಕೊಳ್ಳುವ ಟೈಮ್ ಆಫೀಸಿನಲ್ಲಿದ್ದ ಹೆಣ್ಣುಮಗಳು. ದೀಪಾವಳಿಗೆ ಮುಂಚೆ, ಬಣ್ಣ ತೆಳುವಾಗಿಸುವ ಥಿನ್ನರ್ ಡ್ರಮ್ಮಿಗೆ ಬೆಂಕಿ ಬಿದ್ದ ದಿನ ಮೈಕು ಹಿಡಿದು ಒಬ್ಬೊಬ್ಬರನ್ನೂ ಹೆಸರು ಕರೆದು ಆಚೆ ಕಳಿಸಿದವಳು. ಶ್ಯಾಮಣ್ಣನ ಹೆಸರನ್ನೂ ಕರೆದಿದ್ದಳು. ಎಲ್ಲರೂ ಬಂದರು, ಅವಳು ಬರಲಿಲ್ಲ. ಹೊಗೆ ಅವಳನ್ನು ಮೆಟ್ಟಿಲಲ್ಲೇ ಹಿಡಿದಿತ್ತು. ಅಂದಿನಿಂದ ಕಾರ್ಖಾನೆಗೆ ಬೀಗ, ಕರೆಂಟನ್ನೂ ಕಿತ್ತಿದ್ದರು.

ವೇಣಿ ಕೊನೆಯ ಫೈಲಿನ ತಾರೀಖು ನೋಡಿದರು. ಬೆಂಕಿ ಬಿದ್ದು ತಿಂಗಳುಗಳೇ ಕಳೆದ ಮೇಲಿನದು, ಶಿವರಾತ್ರಿ ಆಸುಪಾಸಿನದು. ಅದರಲ್ಲಿ ಸೂಚನೆಯಿಲ್ಲ. ಮೊದಲು ದೊಡ್ಡ ಖಾಲಿ ಜಾಗದ ಮೌನ, ಆಮೇಲೆ ಉಸಿರು. ಆಮೇಲೆ ಅದೇ ದನಿ, ಮೆಲ್ಲಗೆ: “ಎಲ್ಲಾರೂ ಆಚೆ ಹೋದ್ರಾ?”

ಕಂಪ್ಯೂಟರಿನೊಳಗಿನ ಬ್ಯಾಟರಿ ಸತ್ತು ತಾರೀಖು ಕೆಟ್ಟಿರಬಹುದಲ್ಲ ಎಂದು ನಾನು ಕೇಳುತ್ತೇನೆ. ವೇಣಿ ಕೀಬೋರ್ಡಿನಿಂದ ಕೈ ತೆಗೆಯುತ್ತಾರೆ.

“ಬ್ಯಾಟರಿ ಸತ್ರೆ ತಾರೀಖು ಹಿಂದಕ್ಕೆ ಹೋಗುತ್ತೆ ಸಾರ್. ಮುಂದಕ್ಕೆ ಹೋಗಿದ್ದು ನಾನು ನೋಡಿಲ್ಲ.”

ಆ ಯಂತ್ರವನ್ನು ಅಳಿಸಲು ಅವರಿಗೆ ಕೈ ಬರಲಿಲ್ಲ. ಇಟ್ಟುಕೊಳ್ಳಲು ಹಕ್ಕೂ ಇರಲಿಲ್ಲ. ಶಾಲೆಯವರು ಕಾಯುತ್ತಿದ್ದರು. ಕೊನೆಗೆ ಶ್ಯಾಮಣ್ಣನ ಆಟೊದಲ್ಲೇ ಅದನ್ನೂ ಒಂದು ಮಾನಿಟರು, ಸ್ಪೀಕರನ್ನೂ ಇಟ್ಟುಕೊಂಡು ಸೀತಾಲಕ್ಷ್ಮಿಯ ತಾಯಿ ಈಶ್ವರಮ್ಮನವರ ಮನೆಗೆ ಹೋದರು. ಜಾಲಹಳ್ಳಿಯ ಹಳೆ ಊರಿನ ಓಣಿ. ವೇಣಿಯ ಮನೆಗೆ ಕೂಗಳತೆ ದೂರ. ಮಗಳ ಫೋಟೊ ಇತ್ತೇ ಹೊರತು ದನಿ ಆ ಮನೆಯಲ್ಲಿ ಎಲ್ಲೂ ಇರಲಿಲ್ಲ.

ಪಾಳಿಯ ಕರೆ ಕೇಳಿ ಈಶ್ವರಮ್ಮ ನಕ್ಕರಂತೆ. ಮನೆಯಲ್ಲಿ ಬಾಯಿ ಬಿಡದವಳು ಅಲ್ಲಿ ಇಷ್ಟು ಜೋರಾಗಿ ಮಾತಾಡುತ್ತಿದ್ದಳಾ ಎಂದರಂತೆ. ಕೊನೆಯದನ್ನು ಹಾಕಬೇಕೋ ಬೇಡವೋ ಎಂದು ವೇಣಿ ತಡೆದರು. ತಾಯಿಯೇ ಹಾಕು ಎಂದರು. ಉಸಿರು ಕೇಳಿತು, ಪ್ರಶ್ನೆ ಕೇಳಿತು. ಈಶ್ವರಮ್ಮ ಎದ್ದು ಸ್ಪೀಕರಿನ ಹತ್ತಿರ ಬಾಗಿದರು.

“ಬಂದ್ರು ಕಣವ್ವ. ಎಲ್ಲಾರೂ ಆಚೆ ಬಂದ್ಬುಟ್ರು. ನೀನೂ ಬಾ.”

ಆಮೇಲೆ ಅಳಿಸಿಬಿಡು ಎಂದರು. ಒಂದು ಪ್ರತಿ ಸಿಡಿಗೆ ಹಾಕಿಕೊಡುತ್ತೇನೆಂದು ವೇಣಿ ಎಷ್ಟು ಕೇಳಿಕೊಂಡರೂ ಒಪ್ಪಲಿಲ್ಲ. ಇಟ್ಟುಕೊಂಡರೆ ಅವಳು ಅಲ್ಲೇ ನಿಂತಿರುತ್ತಾಳೆ, ಸಾಕು ಅವಳಿಗೆ ಡ್ಯೂಟಿ ಎಂದರು. ಆ ತಾಯಿಯ ಎದುರಲ್ಲೇ ವೇಣಿ ಆ ಭಾಗವನ್ನು ಆರಿಸಿ, ಅಳಿಸಿ, ಆ ಜಾಗವನ್ನೂ ಸೇರಿಸಿಕೊಂಡು ಮಕ್ಕಳಿಗೆ ಹೊಸ ಭಾಗ ಮಾಡಿದರು. ಎರಡು ಸಲ ತಪ್ಪು ಕೀ ಒತ್ತಿದ್ದರು. ಈಗ ಆ ಯಂತ್ರ ಕುಂದಲಹಳ್ಳಿ ಕಡೆಯ ಶಾಲೆಯೊಂದರಲ್ಲಿದೆ. ಯಾವ ಶಾಲೆ ಎಂದು ಬರೆಯಬೇಡಿ ಎನ್ನುತ್ತಾರೆ, ಮಕ್ಕಳು ಹೆದರಿಕೊಂಡಾರು.

ನಿಮಗೇನಾದರೂ ಆಸೆ ಇದೆಯೇ ಎಂದರೆ, ಕಿಟಕಿಗೆ ಒಂದು ಒಳ್ಳೇ ಎಕ್ಸಾಸ್ಟ್ ಫ್ಯಾನ್ ಸಿಕ್ಕರೆ ಕೆಮ್ಮು ಕಮ್ಮಿಯಾದೀತು ಎನ್ನುತ್ತಾರೆ. ಸಂಸ್ಥೆಯ ಆಫೀಸಿನವರು ಸಮಯ ಉಳಿಸಲು ಪೂರ್ತಿ ಅಳಿಸು ಎಂದರೂ ತಾವು ಕೈಯಲ್ಲೇ ಮಾಡುವುದಾಗಿ ಹೇಳಿ ಮುಂದಿನ ಡಿಸ್ಕ್ ಜೋಡಿಸುತ್ತಾರೆ.

ಹೊರಗೆ ಬೆಳಗಿನ ಪಾಳಿಯ ಸೈರನ್ ಕೂಗುತ್ತದೆ. ಅದು ನಿಲ್ಲುವವರೆಗೂ ವೇಣಿ ಡಿಸ್ಕಿನ ತಿರುಪು ಬಿಗಿ ಮಾಡುತ್ತಾರೆ. ಆಮೇಲೆ, ನಾನು ಕೇಳದೆಯೇ, ಹಬ್ಬಕ್ಕೆ ಒಬ್ಬಟ್ಟು ಕೊಡಲು ಈಶ್ವರಮ್ಮನವರ ಮನೆಗೆ ಹೋಗಿದ್ದ ಸುದ್ದಿ ತೆಗೆಯುತ್ತಾರೆ.

“ಮಗಳು ಹೋದಾಗಿಂದ ರಾತ್ರಿ ಬಾಗಿಲಿಗೆ ಚಿಲಕಾನೇ ಹಾಕ್ತಿರ್ಲಿಲ್ವಂತೆ ಸಾರ್. ಈಗ ಹಾಕ್ಕೊಂಡು ಮಲಗ್ತೀನಿ ಅಂದ್ರು. ಯಾಕಜ್ಜಿ ಅಂದೆ. ‘ಅವಳು ಒಳಗೆ ಬಂದಾಯ್ತಲ್ಲ’ ಅಂದ್ರು.”